ಟರ್ಬಿಯಂ ಮ್ಯಾಂಗನೈಟ್: 28 ಕೆಲ್ವಿನ್‌ನಾಗ ಪೀಕ್ ಇಲ್ಲ, 43ರಾಗ ಏರಿಕೆ. ಯಾಕ್ರಿ?

ಭೀಮಾತೀರ (ಕಲಬುರಗಿ): ಎರಡು ತಿಂಗಳು ಹೋದುವ್ರಿ. ಟರ್ಬಿಯಂ ಮ್ಯಾಂಗನೈಟ್ (ಟರ್ಬಿಯಂ, ಮ್ಯಾಂಗನೀಸು, ಆಕ್ಸಿಜನ್ ಸೇರಿದ ಕಾಂತೀಯ ವಸ್ತು) ಪುಡಿ ಒತ್ತಿ ಪೆಲೆಟ್ (ಬಿಲ್ಲೆ) ಮಾಡಿ ಬೆಂಗಳೂರಿಗೆ ಅಳತೆಗೆ ಕಳಿಸಿದ್ದೆ. 28ರಾಗ ಡೈಎಲೆಕ್ಟ್ರಿಕ್ ಪೀಕ್ (ವಿದ್ಯುತ್ ಧ್ರುವೀಕರಣ ಹುಟ್ಟಿದ ಗುರುತು) ಬರಬೇಕಿತ್ತು, ಬರೀ ಸಪಾಟ ಅದ. ಮ್ಯಾಗ್ನೆಟೈಸೇಶನ್ (ಕಾಂತತೆ) ಮಾತ್ರ 43ರ ಹತ್ರ ಒಮ್ಮೆಲೇ ಏರ್ತದ. ಎಕ್ಸ್‌ಆರ್‌ಡಿ (ಎಕ್ಸ್-ರೇ ಪರೀಕ್ಷೆ) ಪ್ರಕಾರ ಶುದ್ಧ ಅದ. ತಲಿ ಕೆಟ್ಟು ಹೋಗ್ಯದ.

ಬಿದರಿಕಪ್ಪು (ಬೀದರ್): ಆಕ್ಸಿಜನ್! ಚೇಂಬರಿಗೆ ಗಾಳಿ ಸೋರೇದ. ಆಕ್ಸಿಜನ್ 54 ಕೆಲ್ವಿನ್‌ಗೆ ಹೆಪ್ಪುಗಟ್ತದ, 44ರ ಹತ್ರ ಮತ್ತ ರೂಪ ಬದಲಿಸ್ತದ, ಅದರ ಕಾಂತತೆನೂ ಬದಲಾಗ್ತದ. ಹೀಲಿಯಂ ಹಾಕಿ ನಾಕು ಸಲ ಪರ್ಜ್ (ಒಳಗಿನ ಗಾಳಿ ಹೊರಹಾಕೋದು) ಮಾಡಿಸ್ರಿ.

ಭೀಮಾತೀರ: ಮಾಡಿಸಿದೆ ಅಣ್ಣ. ಹಂಗೇ ಅದ.

ಬಿದರಿಕಪ್ಪು: ಹಂಗಾದ್ರ ಪೆಲೆಟಿನ ಸಂದಿಯಾಗೇ ಗಾಳಿ ಕುಂತದ. ಇನ್ನೊಮ್ಮೆ ಮಾಡಿಸ್ರಿ.

ತೊಗರಿಕಣಜ (ಯಾದಗಿರಿ): ಆಕ್ಸಿಜನ್ ಬಿಡ್ರಿ ಅಣ್ಣಾರ. ಫೀಲ್ಡ್ ಕೂಲ್ಡ್, ಝೀರೋ ಫೀಲ್ಡ್ ಕೂಲ್ಡ್ (ಕಾಂತಕ್ಷೇತ್ರ ಇಟ್ಟು ತಣ್ಣಗ ಮಾಡಿದ್ದು, ಇಡದೇ ಮಾಡಿದ್ದು) ಗೆರಿ 43ರ ಕೆಳಗ ಬ್ಯಾರೆ ಆಗಿದ್ರ ಅದು ಹೌಸ್‌ಮನೈಟ್. ಮೂರು ಮ್ಯಾಂಗನೀಸು, ನಾಕು ಆಕ್ಸಿಜನ್; 42-43ರಾಗ ಫೆರಿಮ್ಯಾಗ್ನೆಟ್ (ಕಾಂತದಂಗ) ಆಗ್ತದ. ಟರ್ಬಿಯಂ ಮ್ಯಾಂಗನೈಟಿನ ಸ್ವಂತ 41ರ ಬದಲಾವಣೆ ಟರ್ಬಿಯಂನ ದೊಡ್ಡ ಸಿಗ್ನಲ್‌ನಾಗ ಮುಚ್ಚಿ ಹೋಗ್ತದ, ಹಿಂಗ ಏರಂಗಿಲ್ಲ. ನೂರಕ್ಕ ಒಂದು ಪಾಲು ಕಲಬೆರಕಿ ಎಕ್ಸ್‌ಆರ್‌ಡಿಯಾಗ ಕಾಣಂಗಿಲ್ಲ, ಮ್ಯಾಗ್ನೆಟೋಮೀಟರ್ ಬಿಡಂಗಿಲ್ಲ.

ಶಹಾಬಾದಿಕಲ್ಲು: ಬಿಸ್ಮತ್ ಫೆರೈಟ್ ಮಾಡ್ರಿ, ಅದರಾಗ ಕೋಣೆ ಬಿಸಿಯಾಗೇ ಧ್ರುವೀಕರಣ, ಕಾಂತೀಯ ವ್ಯವಸ್ಥೆ ಎರಡೂ ಇರ್ತಾವ, ಇಷ್ಟು ತಣ್ಣಗ ಹೋಗೋದೇ ಬ್ಯಾಡ. ಹೋಗಬೇಕಂದ್ರೂ ನಮ್ಮ ಕ್ಲೋಸ್ಡ್ ಸೈಕಲ್ ಕ್ರಯೋಸ್ಟಾಟ್ (ತಂಪು ಯಂತ್ರ) 10 ಕೆಲ್ವಿನ್ ಮುಟ್ತದ, ಹೀಲಿಯಂ ತುಂಬೋ ಕಾಟಿಲ್ಲ. ಏಪ್ರಿಲ್ ಬಿಸಿಲಿಗೆ ಚಿಲ್ಲರ್ ನೀರು ಕಾದು ಕಂಪ್ರೆಸರ್ ನಿಲ್ತಿತ್ತು. ಚಿಲ್ಲರ್ ನೆರಳಿಗಿಟ್ಟ ಮ್ಯಾಲೆ ರಾತ್ರಿಯಿಡೀ ಓಡ್ತದ.

ಬಿದರಿಕಪ್ಪು: ಬಿಸ್ಮತ್ ಫೆರೈಟಿನಾಗ ಧ್ರುವೀಕರಣದ ಮೂಲ ಬ್ಯಾರೆ, ಕಾಂತತೆಯ ಮೂಲ ಬ್ಯಾರೆ. ಟರ್ಬಿಯಂ ಮ್ಯಾಂಗನೈಟಿನಾಗ 28ರ ಕೆಳಗ ಸ್ಪಿನ್‌ಗಳು (ಪರಮಾಣುಗಳ ಪುಟ್ಟ ಕಾಂತಗಳು) ಸುರುಳಿ ಸುತ್ತಿದ ಮ್ಯಾಲೇ ಧ್ರುವೀಕರಣ ಹುಟ್ತದ. ಕಾಂತಕ್ಷೇತ್ರದಿಂದ ಅದನ್ನ ತಿರುಗಿಸಬಹುದು ಅಂತ 2003ರಾಗೇ ಜಪಾನಿನ ಕಿಮುರಾ ತಂಡ ತೋರಿಸ್ಯದ. ಎರಡೂ ಒಂದೇ ಅನಬ್ಯಾಡ್ರಿ.

ತೊಗರಿಕಣಜ: ಭೀಮಾತೀರ, ಟರ್ಬಿಯಂ ಆಕ್ಸೈಡ್ ಕಾಸಿ ತೂಗಿದ್ರೇನು? ಡೈಎಲೆಕ್ಟ್ರಿಕ್ ಎಷ್ಟು ಕೆಲ್ವಿನ್‌ಗೊಮ್ಮೆ ಅಳದಾರ?

ಭೀಮಾತೀರ: ಕಾಸಿಲ್ರಿ. ಮಳಿಗಾಲದಾಗ ತೂಗಿದ್ದು, ಬಾಟ್ಲಿ ಮುಚ್ಚಳ ಸಡಿಲಿತ್ತು, ಪುಡಿ ಸ್ಪ್ಯಾಚುಲಾಕ್ಕ ಅಂಟ್ತಿತ್ತು. ಅಳತಿ 5 ಕೆಲ್ವಿನ್‌ಗೊಮ್ಮೆ.

ತೊಗರಿಕಣಜ: ಮೊದಲೇ ಹೇಳಬೇಕಿತ್ತಲ್ರಿ! ನೀರು ಸೇರಿಸಿ ತೂಗೀರಿ, ಟರ್ಬಿಯಂ ಕಮ್ಮಿ ಬಿತ್ತು. 1300 ಡಿಗ್ರಿಯಾಗ ಉಳಿದ ಮ್ಯಾಂಗನೀಸೇ ಹೌಸ್‌ಮನೈಟ್ ಆಗ್ಯದ. ಪೆಲೆಟಿನಾಗ ಪೀಕ್ ಮೊದಲೇ ಸಣ್ಣದು, 25-30ರ ನಡುವ ತಪ್ಪಿರ್ತದ. ಅರ್ಧ ಕೆಲ್ವಿನ್‌ಗೊಮ್ಮೆ ಅಳಸ್ರಿ. 30ರಾಗ, 50ರಾಗ ಹಿಸ್ಟರಿಸಿಸ್ ಲೂಪ್ (ಕಾಂತಕ್ಷೇತ್ರ ಏರಿಸಿ ಇಳಿಸಿದಾಗಿನ ಗೆರಿ) ತಗಸ್ರಿ; ಹೌಸ್‌ಮನೈಟ್ ಇದ್ರ 30ರಾಗ ತೆರೀತದ, 50ರಾಗ ಮುಚ್ತದ.

ಬಿದರಿಕಪ್ಪು: ಸೋರಿಕಿನೂ ನೋಡ್ರಿ.

ಭೀಮಾತೀರ (12 ದಿನ ಆದಮೇಲೆ): 30ರಾಗ ಲೂಪ್ ತೆರದದ, 50ರಾಗ ಮುಚ್ಚೇದ. ಅದೇ ಬಾಟ್ಲಿಯಿಂದ 2 ಗ್ರಾಂ ತಗೊಂಡು 900 ಡಿಗ್ರಿಗೆ ರಾತ್ರಿಯಿಡೀ ಕಾಸಿದೆ, ಮುಂಜಾನೆ 1.94 ಬಂತು. ಡೈಎಲೆಕ್ಟ್ರಿಕ್ ಅಳತಿಗೆ ಇನ್ನ ಸ್ಲಾಟ್ ಸಿಕ್ಕಿಲ್ಲ. ಹೊಸ ಪೆಲೆಟ್ ಇವತ್ತು ಫರ್ನೇಸಿಗೆ ಇಡ್ಲತ್ತೀನಿ. ತಣ್ಣಗ ಮಾಡೋವಾಗ ನಿಮಿಷಕ್ಕ ಎಷ್ಟು ಡಿಗ್ರಿ ಇಳಸ್ಲಿ, ಯಾರರ ಹೇಳ್ರಿ.