ಸಹಾಯ ಬೇಕು: ಕಬ್ಬಿಣ–ಟ್ರಯಜೋಲ್ ಮಾದರಿಯ ಕಾಂತೀಯ ಅಳತೆಗೆ

ಮಾನ್ಯ ಸದಸ್ಯರಿಗೆ ಕಾರವಾರದಿಂದ ನಮಸ್ಕಾರಗಳು. ಸ್ನಾತಕೋತ್ತರ ರಸಾಯನಶಾಸ್ತ್ರದ ಯೋಜನೆಗಾಗಿ, ಕೊಬ್ಬಿನಂತಹ ಅಣುಗಳಿಂದ ಸುತ್ತುವರಿದು ತಾನಾಗಿಯೇ ನ್ಯಾನೋ ಎಳೆಗಳಾಗಿ ಜೋಡಣೆಗೊಳ್ಳುವ ಕಬ್ಬಿಣ–ಟ್ರಯಜೋಲ್ ಸಂಕೀರ್ಣವನ್ನು (ಮೂರು ಸಾರಜನಕ ಪರಮಾಣುಗಳುಳ್ಳ ಉಂಗುರಾಕಾರದ ಟ್ರಯಜೋಲ್ ಅಣುಗಳು ಕಬ್ಬಿಣಕ್ಕೆ ಬೆಸೆದ ಸಂಯುಕ್ತವನ್ನು) ತಯಾರಿಸಿದ್ದೇನೆ. ತಂಪಿನಲ್ಲಿ ನೇರಳೆಯಾಗಿರುವ ಇದು ಬಿಸಿಯಾದಾಗ ಬಿಳಿಚಿಕೊಳ್ಳುತ್ತದೆ. ಕಬ್ಬಿಣದ 6 ಡಿ-ಎಲೆಕ್ಟ್ರಾನುಗಳೂ (ಅದರ ಕಾಂತೀಯತೆಯನ್ನು ನಿರ್ಧರಿಸುವ ಎಲೆಕ್ಟ್ರಾನುಗಳು) ಜೋಡಿಯಾಗಿದ್ದ ಸ್ಥಿತಿಯಿಂದ, 4 ಒಂಟಿ ಎಲೆಕ್ಟ್ರಾನುಗಳುಳ್ಳ ಕಾಂತೀಯ ಸ್ಥಿತಿಗೆ ಹೊರಳುವುದರ ಸೂಚನೆಯಿದು. ಆದರೆ ಬಣ್ಣವೊಂದೇ ಸಾಕ್ಷಿಯಾಗಲಾರದು. ಅದರಲ್ಲೂ ನಮ್ಮ ಕರಾವಳಿಯ ಮಳೆಗಾಲದಲ್ಲಿ ಮಾದರಿಯೊಳಗೆ ಸೇರುವ ನೀರು ಕಾಯಿಸಿದಾಗ ಹೊರಹೋದರೆ, ಹೊರಳುವ ತಾಪಮಾನವೇ ಸರಿದುಬಿಡಬಹುದು. ಆದ್ದರಿಂದ 280ರಿಂದ 400 ಕೆಲ್ವಿನ್‌ವರೆಗೆ, ಕಾಯಿಸುವಾಗಲೂ ತಣಿಸುವಾಗಲೂ ಕಾಂತೀಯತೆಯನ್ನು ಅಳೆಯಬಲ್ಲ ಸ್ಕ್ವಿಡ್ ಉಪಕರಣವನ್ನು (ಅತಿ ಸೂಕ್ಷ್ಮ ಕಾಂತಮಾಪಕವನ್ನು) ಹೊರಗಿನ ವಿದ್ಯಾರ್ಥಿಗಳಿಗೂ ಒದಗಿಸುವ ಪ್ರಯೋಗಾಲಯವು ಧಾರವಾಡದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇದ್ದರೆ ದಯವಿಟ್ಟು ತಿಳಿಸಿರಿ. ತೇವ ತಗಲದಂತೆ ಮಾದರಿಯನ್ನು ಕಳುಹಿಸುವ ಕ್ರಮವನ್ನು ಬಲ್ಲವರು ವಿವರಿಸಿದರೆ ಇನ್ನಷ್ಟು ಉಪಕಾರವಾಗುತ್ತದೆ.