ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಪುಸ್ತಕವನ್ನು ಯೂನಿಕೋಡ್‌ಗೆ ತರಬೇಕು. 54ನೇ ವಯಸ್ಸಿನಲ್ಲಿ ಎಲ್ಲಿಂದ ಕಲಿಯಲು ಶುರು ಮಾಡಲಿ?

ತಿಪಟೂರು ಡಿಟಿಪಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನಗೆ 54 ವರ್ಷ. ತಿಪಟೂರಿನಲ್ಲಿ 2001ರಿಂದ ಸಣ್ಣ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ತಿಥಿ ಕಾರ್ಡು, ಸಹಕಾರ ಸಂಘದ ವರದಿ, ಆಗೊಮ್ಮೆ ಈಗೊಮ್ಮೆ ಪುಸ್ತಕ. ಟೈಪಿಂಗ್ ನುಡಿಯಲ್ಲಿ, ಪುಟ ಕಟ್ಟುವುದು ಪೇಜ್‌ಮೇಕರ್‌ನಲ್ಲಿ. ಕೀಬೋರ್ಡ್ ನೋಡುವುದಿಲ್ಲ. ಗಿರಾಕಿ ಎದುರಿಗೆ ಕೂತು ಹೇಳುತ್ತಾ ಹೋದರೆ, ಅವರು ಮಾತು ನಿಲ್ಲಿಸುವ ಹೊತ್ತಿಗೆ ನನ್ನ ಬೆರಳೂ ನಿಂತಿರುತ್ತದೆ.

2009ರಲ್ಲಿ ನಮ್ಮ ಕಡೆಯ ಒಬ್ಬ ತೆಂಗು ಬೆಳೆಗಾರರು ತಮ್ಮ ಜೀವನದ ಕಥೆಯನ್ನು ನಾಲ್ಕು ನೋಟ್‌ಬುಕ್‌ನಲ್ಲಿ ಬರೆದು ತಂದರು. 142 ಪುಟ ಆಯಿತು. ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಕಾಯುವುದು, ಒಂದೊಂದನ್ನೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟಿದೆಯಾ ಎಂದು ಕೇಳುವುದು, ಮಂಡಿಯಲ್ಲಿ ದರ ಬಿದ್ದ ವರ್ಷ ಹೆಂಡತಿಯ ಸರ ಅಡವಿಟ್ಟಿದ್ದು, ಎಲ್ಲ ಬರೆದಿದ್ದರು. ಟೈಪ್ ಮಾಡುವಾಗ ಎಷ್ಟೋ ಕಡೆ ನಾನು ಕೈ ನಿಲ್ಲಿಸಿ ಸುಮ್ನೆ ಕೂತಿದ್ದೆ. 300 ಪ್ರತಿ ಅಚ್ಚಾಯಿತು. ಎಲ್ಲ ನೆಂಟರಿಷ್ಟರಿಗೆ ಹಂಚಿ ಮುಗಿದಿದೆ. ಅವರು ಈಗ ಇಲ್ಲ.

ಹೋದ ತಿಂಗಳು ಅವರ ಮೊಮ್ಮಗ ಬಂದಿದ್ದ. ತಾತನ ಪುಸ್ತಕ ಫೋನಿನಲ್ಲಿ ಓದುವ ಹಾಗಿರಬೇಕು, ಹುಡುಕಿದರೆ ಸಿಗುವ ಹಾಗಿರಬೇಕು, ಮಾಡಿಕೊಡಿ ಆಂಟಿ ಎಂದ. ಫೈಲ್ ಇದೆಯಲ್ಲ, ಐದು ನಿಮಿಷದ ಕೆಲಸ ಎಂದುಕೊಂಡು ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಅವನ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೆರೆ, ಟೋಪಿ, ಮಧ್ಯೆ ಮಧ್ಯೆ ಪೌಂಡ್ ಗುರುತು. 142 ಪುಟವೂ ಹಾಗೇ. ನನಗೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ನನ್ನ ಅಂಗಡಿಯ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಕೆಟ್ಟ ದಿನ ಆ ಪುಸ್ತಕವೂ ಹೋದ ಹಾಗೆ, ಅಲ್ವಾ?

ಕಲಿಯಲು ಪ್ರಯತ್ನ ಮಾಡಿಲ್ಲ ಎಂದಲ್ಲ. ಒಂದು ಕಂಪ್ಯೂಟರ್ ತರಗತಿಗೆ ತಿಂಗಳು ಹೋದೆ. ಎಲ್ಲರಿಗೂ ಒಂದೇ ಪಾಠ, ಕನ್ನಡದ ಮಾತೇ ಬರಲಿಲ್ಲ. ನನ್ನ ಪ್ರಶ್ನೆ ಕೇಳಿದರೆ ಅದು ಸಿಲಬಸ್‌ನಲ್ಲಿಲ್ಲ ಎಂದರು. ಮಗ ಪುಣೆಯಲ್ಲಿದ್ದಾನೆ. ಹೊಸ ಲ್ಯಾಪ್‌ಟಾಪ್ ಕೊಡಿಸಿದ್ದಾನೆ. ಕೇಳಿದರೆ ಅಲ್ಲಿಂದಲೇ ನನ್ನ ಪರದೆಗೆ ಬಂದು ಎರಡು ನಿಮಿಷದಲ್ಲಿ ಮಾಡಿ ಹೋಗುತ್ತಾನೆ. ಕೆಲಸ ಆಗುತ್ತದೆ, ನನಗೆ ಏನೂ ಬರುವುದಿಲ್ಲ.

ಇಪ್ಪತ್ತು ವರ್ಷ ಕಲಿತ ಟೈಪಿಂಗ್ ಬಿಟ್ಟು ಮತ್ತೆ ಮೊದಲಿಂದ ಕಲಿಯಬೇಕಾ? ಪೂರ್ತಿ ಪುಸ್ತಕ ಮತ್ತೆ ಟೈಪ್ ಮಾಡಬೇಕಾ? ಮಾಡು ಎಂದರೆ ಮಾಡುತ್ತೇನೆ. ಆದರೆ ದಾರಿ ಗೊತ್ತಾಗಬೇಕು.

ಪುಟ ಕಟ್ಟುವವನು, ಮೈಸೂರು

ಅಕ್ಕ, ಎರಡಕ್ಕೂ ಉತ್ತರ ಬೇಡ ಎಂದೇ. ಮತ್ತೆ ಟೈಪ್ ಮಾಡಬೇಡಿ, ಟೈಪಿಂಗನ್ನೂ ಬಿಡಬೇಡಿ.

ಮೊದಲು ಆ ಪೌಂಡ್ ಗುರುತಿನ ವಿಷಯ. ಹಳೇ ನುಡಿ ಫೈಲಿನಲ್ಲಿ ಕನ್ನಡ ಅಕ್ಷರ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ. ಇಂಗ್ಲಿಷಿನ ದೊಡ್ಡ 'ಪಿ' ಜಾಗದಲ್ಲಿ 'ಕ' ಅಕ್ಷರದ ಒಡಲು, ತಲೆಕಟ್ಟು ಬೇರೆ ಜಾಗದಲ್ಲಿ, 'ನ' ಅಕ್ಷರದ ಒಡಲು ಪೌಂಡ್ ಗುರುತಿನ ಜಾಗದಲ್ಲಿ. 'ನುಡಿ 01 ಇ' ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ಒಳಗಿರುವುದು ಹೊರಗೆ ಬರುತ್ತದೆ. ನಿಮ್ಮ ಪುಸ್ತಕ ಹಾಳಾಗಿಲ್ಲ. ಆ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಫಾಂಟ್ ಇರಲಿಲ್ಲ, ಅಷ್ಟೇ.

ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ 'ಕ' ಅಕ್ಷರಕ್ಕೆ ಅದರದೇ ಸಂಖ್ಯೆ ಇದೆ, ಯಾವ ಫಾಂಟ್ ಹಾಕಿದರೂ ಅದು 'ಕ' ಆಗಿಯೇ ಇರುತ್ತದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಹುಡುಕಿದರೆ ಸಿಗುವುದು, ಎಕ್ಸೆಲ್‌ನಲ್ಲಿ ಸಂಘದ ಸದಸ್ಯರ ಹೆಸರು ಅಕಾರಾದಿಯಾಗಿ ಜೋಡಣೆ ಆಗುವುದು, ಫೋನಿನಲ್ಲಿ ಕಾಣುವುದು, ಎಲ್ಲ ಇದರಿಂದಲೇ.

ಈಗ ನಿಮ್ಮ ಬೆರಳಿನ ವಿಷಯ. ಇದನ್ನು ನಿಧಾನವಾಗಿ ಓದಿ. 'ಕನ್ನಡ' ಎಂದು ನೀವು ನುಡಿಯಲ್ಲಿ ಹೇಗೆ ಟೈಪ್ ಮಾಡುತ್ತೀರಿ? ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದು ಕೀಲಿ. ಯೂನಿಕೋಡ್ ಫೈಲಿನೊಳಗೆ ಕನ್ನಡ ಎಂಬ ಪದ ಹೇಗೆ ಇರುತ್ತದೆ? ಕ, ನ, ಅರ್ಧಾಕ್ಷರದ ಗುರುತು, ನ, ಡ. ಐದು ಸಂಕೇತ, ಅದೇ ಕ್ರಮ. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಮೇಲೆ ನಿಂತಿದೆ. ಅದು ಆಕಾರ ನೋಡುವುದಿಲ್ಲ, ಉಚ್ಚಾರದ ಕ್ರಮ ನೋಡುತ್ತದೆ. ಇಷ್ಟು ವರ್ಷ ನಿಮ್ಮ ಬೆರಳು ಒತ್ತಿದ್ದು ಯೂನಿಕೋಡ್ ಕ್ರಮವನ್ನೇ. ಅದನ್ನು ತುಂಡು ಮಾಡಿ ಆಕಾರಗಳಾಗಿ ಉಳಿಸುತ್ತಿದ್ದದ್ದು ಹಳೇ ತಂತ್ರಾಂಶ. ಹೊಸ ಲ್ಯಾಪ್‌ಟಾಪ್‌ಗೆ ನುಡಿಯ ಹೊಸ ಆವೃತ್ತಿ ಹಾಕಿಕೊಂಡು ಯೂನಿಕೋಡ್ ಆರಿಸಿಕೊಳ್ಳಿ. ಬೆರಳು ಹಾಗೇ ಓಡುತ್ತದೆ.

ಪುಸ್ತಕಕ್ಕೆ ಬರೋಣ. ಪೇಜ್‌ಮೇಕರ್‌ನಲ್ಲಿ ಪಠ್ಯದ ಮೇಲೆ ಕ್ಲಿಕ್ ಮಾಡಿ ಕಂಟ್ರೋಲ್ ಇ ಒತ್ತಿ. ಪುಟದ ಅಲಂಕಾರ ಎಲ್ಲ ಹೋಗಿ ಬರೀ ಪಠ್ಯ ತೆರೆಯುತ್ತದೆ. ಒಂದು ಅಧ್ಯಾಯ ಕಾಪಿ ಮಾಡಿ, ಆಸ್ಕಿಯಿಂದ (ಹಳೇ ನುಡಿ ಫೈಲಿನ ಬಗೆಗೆ ಹೇಳುವ ಹೆಸರು) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ. ಬಂದದ್ದನ್ನು ಲಿಬ್ರೆಆಫೀಸ್ ರೈಟರ್‌ಗೆ ಹಾಕಿ. ಅದು ಉಚಿತ. ಅದರಿಂದ ನೇರವಾಗಿ ಇಪಬ್ ಫೈಲ್ ಮಾಡಬಹುದು, ಹುಡುಗನಿಗೆ ಫೋನಿನಲ್ಲಿ ಓದಲು ಅದೇ ಸಾಕು. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಹಾಕಲು ಹೋಗಬೇಡಿ. ಅದರ ಕೊನೆಯ ಆವೃತ್ತಿ 2001ರದು, ಅದಕ್ಕೆ ಇದು ಬರುವುದಿಲ್ಲ. ಮುಂದೆ ಪುಟ ಕಟ್ಟಲು ಇನ್‌ಡಿಸೈನ್ ತಂತ್ರಾಂಶಕ್ಕೆ ಹೋದರೆ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಹಾಕಿಕೊಳ್ಳಿ. ಹಾಕದಿದ್ದರೆ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ. ಎಷ್ಟೋ ಜನ ಇದೊಂದು ಗೊತ್ತಿಲ್ಲದೆ 'ಯೂನಿಕೋಡ್ ಸರಿಯಿಲ್ಲ' ಎಂದು ವಾಪಸ್ ಹೋಗಿದ್ದಾರೆ.

ಎಲ್ಲ ಒಂದೇ ಸಲಕ್ಕೆ ಸರಿಯಾಗಿ ಬರುವುದಿಲ್ಲ. ಅರ್ಕಾವೊತ್ತು ನೋಡಿ: 'ಖರ್ಚು' ಎಂಬಲ್ಲಿ ಆಸ್ಕಿಯಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಕೊನೆಗೆ ಕೂತಿರುತ್ತದೆ, ಯೂನಿಕೋಡ್‌ನಲ್ಲಿ 'ರ' ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಇಲ್ಲೇ ಜಾಸ್ತಿ. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡ ಅಂದುಕೊಂಡು ಏನೇನೋ ಆಗುತ್ತದೆ. ಅದನ್ನು ಕಣ್ಣಿಟ್ಟು ತಿದ್ದಬೇಕು. ನಿಮ್ಮಷ್ಟು ಕರಡು ನೋಡಿದವರಿಗೆ ಅದು ಹೊಸ ಕೆಲಸವಲ್ಲ.

ಧಾರವಾಡ ಮಾಸ್ತರ

ನಮಸ್ಕಾರ ರೀ ಅಕ್ಕಾರ. ನಾನು ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕ, ವಯಸ್ಸು 67. ಕಂಪ್ಯೂಟರ್ ಮುಟ್ಟಿದ್ದೇ ನಿವೃತ್ತಿಯ ನಂತರ. ಮೈಸೂರಿನವರು ತಂತ್ರ ಹೇಳಿದ್ದಾರೆ. ನಾನು ಕಲಿಯುವ ಬಗೆ ಹೇಳುತ್ತೇನೆ.

ನಿಮ್ಮ ಮಗನಿಗೆ ಒಂದು ಮಾತು ಹೇಳಿರಿ: ನೀನು ಮೌಸ್ ಮುಟ್ಟಬೇಡ, ಬಾಯಲ್ಲಿ ಹೇಳು, ಕೈ ನನ್ನದು. ನನ್ನ ಸೊಸೆಗೆ ನಾನು ಹೀಗೇ ಹೇಳಿದೆ. ಮೊದಲು ಅವಳಿಗೆ ತಾಳ್ಮೆ ತಪ್ಪುತ್ತಿತ್ತು, ಸಹಜ. ಆದರೆ ಒಂದು ವಾರದ ಮೇಲೆ ಅವಳೇ ಕೈ ಕಟ್ಟಿ ಕೂಡಲು ಕಲಿತಳು. ಅವಳು ಹೇಳಿದ್ದನ್ನು ನಾನು ನೋಟ್‌ಬುಕ್‌ನಲ್ಲಿ ನನ್ನ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದೆ. 'ಮೇಲೆ ಎಡಗಡೆ ಮೂರು ಗೆರೆ, ಒತ್ತು' ಅಂತ. ಮರುದಿನ ಆ ನೋಟ್‌ಬುಕ್ ನೋಡಿ ಒಬ್ಬನೇ ಮಾಡಬೇಕು. ಬರಲಿಲ್ಲವೋ, ಎಲ್ಲಿ ನಿಂತಿತು ಎಂದು ಅಲ್ಲೇ ಒಂದು ಗುರುತು. ಸಂಜೆ ಆ ಗುರುತು ಇದ್ದಷ್ಟನ್ನೇ ಕೇಳುವುದು.

ನಾನು ಯೂನಿಕೋಡ್ ಟೈಪಿಂಗ್ ಕಲಿತದ್ದು ಹಳೇ ಪುಸ್ತಕಗಳನ್ನು ಎಲ್ಲರಿಗೂ ಓದಲು ಇಡುವ ವಿಕಿಸೋರ್ಸ್ ಎಂಬ ಜಾಲತಾಣದಲ್ಲಿ ಕರಡು ತಿದ್ದಿ. ಒಂದು ಕಡೆ ಹಳೇ ಪುಸ್ತಕದ ಪುಟದ ಚಿತ್ರ, ಇನ್ನೊಂದು ಕಡೆ ಪಠ್ಯ. ಎರಡನ್ನೂ ಹೋಲಿಸಿ ತಿದ್ದಬೇಕು. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ನೀವು ಹಳದಿ ಮಾಡಿದ್ದನ್ನು ನೀವೇ ಹಸಿರು ಮಾಡಲು ಬರುವುದಿಲ್ಲ. ಈ ನಿಯಮ ನನಗೆ ಬಹಳ ಸೇರಿತು. ನನ್ನ ತಪ್ಪನ್ನು ಇನ್ನೊಬ್ಬರು ನೋಡುತ್ತಾರೆ ಎಂದರೆ ಹೆದರಿಕೆ ಇರುವುದಿಲ್ಲ. ಅಲ್ಲಿಯ ಟೈಪಿಂಗ್ ಪೆಟ್ಟಿಗೆಯಲ್ಲೇ ಕನ್ನಡ ಕೀಲಿಮಣೆಗಳಿವೆ, ನಿಮ್ಮ ನುಡಿಯ ವಿನ್ಯಾಸವೂ ಇದೆ. ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ದಿನಕ್ಕೆ ಒಂದು ಪುಟ, ಬೆಳಗಿನ ಚಹಾ ಆದ ಮೇಲೆ. ಮೂರು ತಿಂಗಳಿಗೆ ನನ್ನ ಕೈ ಕೂತಿತು.

ಇನ್ನೊಂದು. ಗೂಗಲ್ ಡಾಕ್ಸ್ ಬಳಸಿದರೆ ಮೊದಲ ದಿನವೇ 'ವರ್ಷನ್ ಹಿಸ್ಟರಿ' ಎಲ್ಲಿದೆ ಎಂದು ತಿಳಿದುಕೊಳ್ಳಿರಿ. ಒಮ್ಮೆ ನಾನು ನಮ್ಮ ಶಾಲೆಯ ಶತಮಾನೋತ್ಸವದ ಸಂಚಿಕೆಯ ಫೈಲ್ ಹಂಚುವಾಗ ಎಲ್ಲರಿಗೂ 'ಎಡಿಟರ್' ಹಕ್ಕು ಕೊಟ್ಟಿದ್ದೆ. ಯಾರದೋ ಫೋನಿನಲ್ಲಿ ಬೆರಳು ತಾಗಿ ಹನ್ನೆರಡು ಪುಟ ಅಳಿಸಿಹೋಯಿತು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸೊಸೆ ತೋರಿಸಿದಳು: ಹಿಂದಿನ ದಿನ ಸಂಜೆಯ ಪ್ರತಿ ಹಾಗೇ ಇತ್ತು, ಒಂದು ಗುಂಡಿ ಒತ್ತಿದರೆ ವಾಪಸ್. ಆಮೇಲೆ ನಾನು ಬೇಕಂತಲೇ ಒಂದು ಫೈಲ್ ಕೆಡಿಸಿ, ಸರಿ ಮಾಡಿ, ಮತ್ತೆ ಕೆಡಿಸಿ ಅಭ್ಯಾಸ ಮಾಡಿದೆ. ಈಗ ಓದುವವರಿಗೆ 'ಕಾಮೆಂಟರ್' ಹಕ್ಕು ಮಾತ್ರ ಕೊಡುತ್ತೇನೆ.

ಜಯನಗರ 4ನೇ ಬ್ಲಾಕ್

ಎರಡು ಎಚ್ಚರಿಕೆ ಮಾತ್ರ.

ಎಕ್ಸ್‌ಪಿ ಕಂಪ್ಯೂಟರ್‌ಗೆ ಇಂಟರ್‌ನೆಟ್ ಕೊಡಬೇಡಿ. 2014ರ ಏಪ್ರಿಲ್‌ಗೆ ಅದರ ಭದ್ರತಾ ಅಪ್‌ಡೇಟ್ ನಿಂತಿದೆ. ಫೈಲ್ ಪೆನ್‌ಡ್ರೈವ್‌ನಲ್ಲೇ ತನ್ನಿ, ಹೊಸದರಲ್ಲಿ ವೈರಸ್ ಸ್ಕ್ಯಾನ್ ಮಾಡಿ. ಮೂಲ ಪೇಜ್‌ಮೇಕರ್ ಫೈಲ್, ಅದರ ಜೊತೆ ಆ ನುಡಿ ಫಾಂಟ್‌ಗಳು, ಎರಡನ್ನೂ ಒಂದೇ ಫೋಲ್ಡರ್‌ನಲ್ಲಿ ಎರಡು ಕಡೆ ಇಡಿ. ಫಾಂಟ್ ಕಳೆದುಹೋದರೆ ಕಷ್ಟ.

ಪುಸ್ತಕವನ್ನು ಯಾವ ವೆಬ್‌ಸೈಟ್‌ನ ಪರಿವರ್ತಕಕ್ಕೆ ಹಾಕಿದರೂ ಸರಿ. ಆದರೆ ಗಿರಾಕಿಗಳ ಕ್ರಯಪತ್ರ, ಕರಾರು, ಆಧಾರ್ ನಂಬರ್ ಇರುವ ಅರ್ಜಿ ಗುರುತಿಲ್ಲದ ವೆಬ್‌ಸೈಟ್‌ಗೆ ಹಾಕಬೇಡಿ. ಅದಕ್ಕೆ ನಿಮ್ಮ ಕಂಪ್ಯೂಟರ್‌ನಲ್ಲೇ ಕೆಲಸ ಮಾಡುವ ಪರಿವರ್ತಕ ಇಟ್ಟುಕೊಳ್ಳಿ. ಮಗ ಪರದೆಗೆ ಬರಲು ಬಳಸುವ ಆ್ಯಪ್ ಇದೆಯಲ್ಲ, ಅದರ ಕೋಡ್ ಮಗನಿಗೆ ಬಿಟ್ಟು ಯಾರಿಗೂ ಹೇಳಬೇಡಿ. ಬ್ಯಾಂಕಿನಿಂದ ಎಂದು ಫೋನ್ ಮಾಡಿ ಕೇಳುವವರು ಇದ್ದಾರೆ. ಹಣ ಹೋಯಿತು ಅನ್ನಿಸಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತಿಪಟೂರು ಡಿಟಿಪಿ

ಒಂಬತ್ತು ದಿನ ಆಯಿತು. ಎಲ್ಲರಿಗೂ ತುಂಬಾ ಧನ್ಯವಾದ.

ಮೊದಲು ಆ ಐದು ಕೀಲಿ. ಮೈಸೂರಿನವರು ಬರೆದದ್ದನ್ನು ಓದಿ ಹೊಸ ಲ್ಯಾಪ್‌ಟಾಪ್‌ನಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದೆ. 'ಕನ್ನಡ' ಬಂತು. ಅದನ್ನೇ ಕಾಪಿ ಮಾಡಿ ಮಗನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅಲ್ಲೂ ಕನ್ನಡವೇ ಕಂಡಿತು. ನನ್ನ ಕೈ ಇನ್ನೂ ಕೆಲಸಕ್ಕೆ ಬರುತ್ತದೆ ಎಂದು ಆವತ್ತು ಗೊತ್ತಾಯಿತು. ಎಷ್ಟು ನೆಮ್ಮದಿ ಆಯಿತೆಂದು ಹೇಳಲು ಆಗುವುದಿಲ್ಲ.

ಮಗನಿಗೆ ಮಾಸ್ತರರ ಮಾತು ಹೇಳಿದೆ. ಈಗ ಫೋನಿನಲ್ಲಿ ಬಾಯಲ್ಲೇ ಹೇಳುತ್ತಾನೆ. ನೋಟ್‌ಬುಕ್ ಆರು ಪುಟ ತುಂಬಿದೆ.

ಎರಡು ಅಧ್ಯಾಯ ಬದಲಿಸಿದ್ದೇನೆ. 31 ಪುಟ. ಹೇಳಿದ ಹಾಗೇ ಅರ್ಕಾವೊತ್ತು ಹತ್ತಾರು ಕಡೆ ತಪ್ಪಾಗಿತ್ತು. ಆ ಬೆಳೆಗಾರರು ಕೊಳವೆಬಾವಿ ಕೊರೆಸಿದ ಭಾಗದಲ್ಲಿ '5 ಎಚ್‌ಪಿ' ಎಂಬುದನ್ನು ನಾನು ಆಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದೆ. ಅದು 'ಊ'ಯಿಂದ ಶುರುವಾಗುವ ಏನೋ ಒಂದು ಆಗಿ ಕೂತಿತ್ತು. ಅಚ್ಚಾದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಎಲ್ಲ ತಿದ್ದಿದೆ. ಹಾಗೆ ತಿದ್ದುವಾಗ 2009ರಲ್ಲಿ ನಾನೇ ಬಿಟ್ಟಿದ್ದ ಒಂದು ಸಾಲು ಸಿಕ್ಕಿತು. ಮೊಮ್ಮಗನ ಹತ್ತಿರ ತಾತನ ನೋಟ್‌ಬುಕ್ ಇವೆ, ಕೇಳಿ ತರಿಸಿ ಸೇರಿಸಿದೆ. ಪುಸ್ತಕಕ್ಕೆ 'ಗುಬ್ಬಿ' ಫಾಂಟ್ ಹಾಕಿದ್ದೇನೆ. ಗುಬ್ಬಿ ನಮ್ಮ ಪಕ್ಕದ ಊರಿನ ಹೆಸರು, ಅದಕ್ಕೇ ಮೊದಲು ಕಣ್ಣಿಗೆ ಬಿತ್ತು. ಓದಲು ಚೆನ್ನಾಗಿದೆ.

ನಿನ್ನೆ ಹುಡುಗ ಬಂದು ಅಂಗಡಿಯಲ್ಲೇ ಕೂತು 'ಅಟ್ಟ' ಎಂದು ಹುಡುಕಿದ. ಒಂದಾದ ಮೇಲೆ ಒಂದು ಹಳದಿಯಾಗಿ ಬರುತ್ತಾ ಹೋಯಿತು. ಅವನು ಒಂದೊಂದನ್ನೂ ನಿಂತು ಓದಿದ. ನಾನು ಗಿರಾಕಿಗೆ ಸ್ವಲ್ಪ ಆಮೇಲೆ ಬನ್ನಿ ಎಂದು ಹೇಳಿ ಕಳಿಸಿದೆ.

ಒಂದು ಮಾತ್ರ ಬಗೆಹರಿದಿಲ್ಲ. 'ಪಂಪ್‌ಸೆಟ್' ಎಂಬ ಪದ. ಎಲ್ಲ ಕಡೆ 'ಪಂಪ್ಸೆಟ್' ಎಂದು 'ಸ' ಒತ್ತಾಗಿ ಕೆಳಗೆ ಹೋಗಿದೆ. ಅಚ್ಚಿನಲ್ಲಿ ಬಿಡಿಬಿಡಿಯಾಗಿ ಇತ್ತು. ಹೇಗೆ ಬಿಡಿಸುವುದು?

ಪುಟ ಕಟ್ಟುವವನು, ಮೈಸೂರು

ಅಕ್ಕ, ಓದಿ ತುಂಬಾ ಖುಷಿ ಆಯಿತು.

'ಪ್' ಮತ್ತು 'ಸೆ' ಮಧ್ಯೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು. ಅದನ್ನು ಶೂನ್ಯ ಅಗಲದ ಬೇರ್ಪಡಿಕೆ ಎನ್ನಬಹುದು, ಅದಿದ್ದರೆ ಒತ್ತು ಆಗುವುದಿಲ್ಲ. ಸುಲಭದ ದಾರಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ನೀವೇ ಮೊದಲು ಬರೆದಿರುವ 'ಪಂಪ್‌ಸೆಟ್' ಸರಿಯಾಗಿಯೇ ಇದೆ, ಬಹುಶಃ ಫೋನಿನ ಸಲಹೆಯಿಂದ ಬಂದಿರಬೇಕು. ಅದನ್ನು ಇಲ್ಲಿಂದಲೇ ಕಾಪಿ ಮಾಡಿಕೊಳ್ಳಿ. ರೈಟರ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ. ಮೇಲಿನ ಪೆಟ್ಟಿಗೆಯಲ್ಲಿ ತಪ್ಪು ರೂಪ, ಕೆಳಗಿನದರಲ್ಲಿ ಕಾಪಿ ಮಾಡಿದ್ದು. 'ಎಲ್ಲ ಬದಲಿಸು' ಈಗಲೇ ಒತ್ತಬೇಡಿ, ಮೊದಲ ನಾಲ್ಕೈದನ್ನು ಒಂದೊಂದಾಗಿ ಬದಲಿಸಿ ನೋಡಿ. ಸರಿ ಕಂಡರೆ ಉಳಿದದ್ದು ಒಟ್ಟಿಗೆ. 'ಬೋರ್‌ವೆಲ್', 'ಟ್ರಾಕ್ಟರ್‌ನಲ್ಲಿ' ಇವುಗಳನ್ನೂ ಹೀಗೇ ನೋಡಿಕೊಳ್ಳಿ, ಅಲ್ಲೂ ಇದೇ ತಪ್ಪು ಇರುತ್ತದೆ.