ಡಾರ್ನಾಲ್ಡ್‌ನ ಯಾಕೆ ಬಿಟ್ರು ಅಂತ ಕೇಳಿದ್ಯಲ್ಲ ಪುಟ್ಟಾ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ ಕಣೋ. ಟೈಪ್ ಮಾಡ್ತಾ ಕೂತ್ರೆ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೇ ಮಾತಲ್ಲೇ ಹೇಳ್ತಿದ್ದೀನಿ. ಉದ್ದ ಆಗುತ್ತೆ, ಎಲ್ಲರೂ ಬಿಡುವಾದಾಗ ಕೇಳ್ಕೊಳ್ಳಿ. ನೀನು ಕೇಳಿದ್ದೇನು? ಮೊನ್ನೆ 2026ರ ಫೆಬ್ರವರಿ 8ಕ್ಕೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ಲು, ಸೂಪರ್ ಬೌಲ್, ಗೆದ್ದ ಸಿಯಾಟಲ್ ಸೀಹಾಕ್ಸ್ ಟೀಮಿನ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋನು, ಸ್ಯಾಮ್ ಡಾರ್ನಾಲ್ಡ್ 2024ರ ಸೀಸನ್ನಲ್ಲಿ ನಿಮ್ಮ ಮಿನೆಸೋಟಾ ವೈಕಿಂಗ್ಸ್‌ಗೇ ಆಡ್ತಿದ್ದನಂತೆ, 17ರಲ್ಲಿ 14 ಮ್ಯಾಚ್ ಗೆದ್ದ ಹುಡುಗನ್ನ ಯಾಕೆ ಬಿಟ್ರು ಅತ್ತೆ ಅಂತ. ಅದರ ಕೆಳಗೆ ಭಾವ ಬರೆದಿದ್ದಾರೆ, ನೂರಾರು ಕೋಟಿ ಎಣಿಸೋರ ಭವಿಷ್ಯದ ಚಿಂತೆ ನಮಗ್ಯಾಕೆ ಅಂತ. ಇಬ್ಬರಿಗೂ ಹೇಳ್ತೀನಿ.

ಮೊದಲು ಆ ಕ್ವಾರ್ಟರ್‌ಬ್ಯಾಕ್ ಜಾಗ ಎಂಥದ್ದು ಅಂತ ತಿಳ್ಕೋ. ಎನ್‌ಎಫ್‌ಎಲ್ ಅನ್ನೋ ಈ ಲೀಗ್‌ನಲ್ಲಿ 32 ಟೀಮು. ಒಂದೊಂದು ಟೀಮಿನಲ್ಲಿ ಎರಡು ಮೂರು ಜನ ಕ್ವಾರ್ಟರ್‌ಬ್ಯಾಕ್ ಇರ್ತಾರೆ, ಆಡೋದು ಮಾತ್ರ ಒಬ್ಬನೇ. ಬೇರೆ ಜಾಗಗಳಲ್ಲಿ ಇವನು ಸ್ವಲ್ಪ ಹೊತ್ತು, ಅವನು ಸ್ವಲ್ಪ ಹೊತ್ತು ಅಂತ ಬದಲಾಯಿಸ್ತಾ ಇರ್ತಾರೆ. ಇಲ್ಲಿ ಅದಿಲ್ಲ. ವಾರದ ಪ್ರಾಕ್ಟೀಸಲ್ಲೂ ಹೆಚ್ಚುಕಮ್ಮಿ ಎಲ್ಲ ಅಭ್ಯಾಸವೂ ಆಡೋನಿಗೇ ಹೋಗುತ್ತೆ, ಎರಡನೆಯವನು ಬದಿಯಲ್ಲಿ ನಿಂತು ನೋಡಬೇಕು. ಹಾಗಾದ್ರೆ ನಾನೂ ಆಡಬಲ್ಲೆ ಅಂತ ಅವನು ತೋರಿಸೋದು ಎಲ್ಲಿ? ಒಟ್ಟು ಇರೋದೇ 32 ಕುರ್ಚಿ. ಒಮ್ಮೆ ಎದ್ದರೆ ಮತ್ತೆ ಕೂರೋದು ಬಹಳ ಕಷ್ಟ.

ಇನ್ನು ಐಪಿಎಲ್‌ಗೂ ಇದಕ್ಕೂ ಇರೋ ವ್ಯತ್ಯಾಸ. ನಮ್ಮ ಕೆ.ಎಲ್. ರಾಹುಲ್‌ನ ಲಖನೌದವರು ಉಳಿಸ್ಕೊಳ್ಳಲಿಲ್ಲ, 2024ರ ನವೆಂಬರ್‌ನಲ್ಲಿ ಜೆಡ್ಡಾ ಹರಾಜಿನಲ್ಲಿ ಡೆಲ್ಲಿ 14 ಕೋಟಿಗೆ ತಗೊಂಡ್ತು, ನೆನಪಿದೆಯಲ್ಲ? ಅಲ್ಲಿ ಆಟಗಾರ ಎಲ್ಲಿಗೆ ಹೋಗ್ತಾನೆ ಅನ್ನೋದು ಹರಾಜಿನಲ್ಲಿ ತೀರ್ಮಾನ. ಇಲ್ಲಿ ಕಾಂಟ್ರಾಕ್ಟ್ ಮುಗಿದವನು ತಾನೇ ಆರಿಸ್ಕೊಂಡು ಹೋಗಬಹುದು. ಆದರೆ ಕಾಂಟ್ರಾಕ್ಟ್ ಇನ್ನೂ ನಡೀತಾ ಇದ್ದರೂ ಟೀಮು ಬೇಡ ಅಂದ್ರೆ ಬೇಡ. ಗ್ಯಾರಂಟಿ ಅಂತ ಬರೆದಿರೋ ದುಡ್ಡು ಮಾತ್ರ ಕೈಗೆ, ಉಳಿದದ್ದು ಕಾಗದದ ಮೇಲೆ. ಪೇಪರಲ್ಲಿ "ನಾಲ್ಕು ವರ್ಷಕ್ಕೆ ಇಷ್ಟು ಕೋಟಿ" ಅಂತ ಬರುತ್ತಲ್ಲ ಭಾವ, ಅದರಲ್ಲಿ ಅರ್ಧ ಬರದೇ ಹೋದವರು ಎಷ್ಟೋ ಜನ.

ಡಾರ್ನಾಲ್ಡ್ ಕತೆಗೆ ಬರ್ತೀನಿ. ಕಾಲೇಜಿಂದ ಬರೋ ಹುಡುಗರನ್ನ ಟೀಮುಗಳು ಸರದಿ ಮೇಲೆ ಆರಿಸ್ಕೊಳ್ಳೋದಕ್ಕೆ ಡ್ರಾಫ್ಟ್ ಅಂತಾರೆ, 2018ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ನ್ಯೂಯಾರ್ಕ್ ಜೆಟ್ಸ್ ಅವನನ್ನ ತಗೊಂಡ್ರು. 21 ವರ್ಷದ ಹುಡುಗ. ವೃತ್ತಿ ಜೀವನದ ಮೊಟ್ಟಮೊದಲ ಪಾಸ್ ಎಸೆದ, ಎದುರಾಳಿ ಡೆಟ್ರಾಯಿಟ್‌ನವನು ಅದನ್ನ ಹಿಡಿದು ಓಡಿ, ಕೊನೇ ಗೆರೆ ದಾಟಿ ಟಚ್‌ಡೌನ್ ಮಾಡಿಬಿಟ್ಟ. ಆದರೂ ಹುಡುಗ ಕುಗ್ಗಲಿಲ್ಲ, ಆ ಮ್ಯಾಚ್ 48-17ಕ್ಕೆ ಗೆದ್ದ. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ಸೋಮವಾರ ರಾತ್ರಿಯ ಆಟ. ಟಿವಿಯವರು ಅವನ ಬಟ್ಟೆಗೆ ಮೈಕ್ ಹಾಕಿದ್ರು. ಎಲ್ಲ ಕಡೆಯಿಂದ ಮೈಮೇಲೆ ಬೀಳ್ತಿದ್ರು, ಎಲ್ಲಿಂದ ಯಾರು ಬರ್ತಾರೆ ಗೊತ್ತಾಗ್ತಿರಲಿಲ್ಲ. ಬೆಂಚ್ ಮೇಲೆ ಕೂತು, ನನಗೆ ದೆವ್ವಗಳು ಕಾಣಿಸ್ತಿವೆ ಅಂದ. ತನ್ನವರ ಹತ್ತಿರ ಆಡಿದ ಮಾತು, ದೇಶಕ್ಕೆ ದೇಶವೇ ಕೇಳಿಸ್ಕೊಂಡ್ತು. 33-0 ಸೋಲು. ಅಲ್ಲಿಂದ ಮುಂದೆ ಅವನ ಹೆಸರು ಬಂದಾಗೆಲ್ಲ ದೆವ್ವದ ಮಾತೇ. ನನಗೆ ಅದು ಇವತ್ತಿಗೂ ಸಂಕಟ. ಕೆಲಸದಲ್ಲಿ ಕಷ್ಟ ಪಡ್ತಿರೋ ಹುಡುಗ ಮನಸ್ಸು ಬಿಚ್ಚಿ ಒಂದು ಮಾತು ಆಡಿದ್ದನ್ನ ಗಾಳಿಗೆ ತೂರಿದ್ರಲ್ಲ ಅಂತ.

2020ರಲ್ಲಿ ಜೆಟ್ಸ್ 16ರಲ್ಲಿ ಎರಡೇ ಗೆದ್ದಿದ್ದು. ಅವನನ್ನ ಕೆರೊಲೈನಾಗೆ ಕೊಟ್ಟುಬಿಟ್ರು. ಅಲ್ಲೂ ನೆಲೆ ನಿಲ್ಲಲಿಲ್ಲ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬದಲಿ ಆಟಗಾರ. ಮೂರನೆಯವನಾಗಿ ಆಯ್ಕೆಯಾದವನು ಆರನೇ ಸೀಸನ್‌ಗೆ ಇನ್ನೊಬ್ಬನ ಹಿಂದೆ ನಿಂತಿದ್ದ. ಆಮೇಲೆ 2024ರ ಮಾರ್ಚ್‌ನಲ್ಲಿ ವೈಕಿಂಗ್ಸ್ ಕರೆದ್ರು, ಒಂದೇ ವರ್ಷಕ್ಕೆ, 1 ಕೋಟಿ ಡಾಲರ್. ನಮ್ಮೂರ ಬಾಡಿಗೆ ಮನೆಯ ಹನ್ನೊಂದು ತಿಂಗಳ ಅಗ್ರಿಮೆಂಟ್ ಇದ್ದ ಹಾಗೆ, ಗೋಡೆಗೆ ಮೊಳೆ ಹೊಡೆಯೋಕೂ ಯೋಚಿಸಬೇಕು. ಯಾಕಂದ್ರೆ ಮುಂದಿನ ತಿಂಗಳೇ ವೈಕಿಂಗ್ಸ್ ಡ್ರಾಫ್ಟ್‌ನಲ್ಲಿ ಹತ್ತನೆಯವನಾಗಿ ಮಿಷಿಗನ್‌ನ ಜೆ.ಜೆ. ಮೆಕಾರ್ಥಿನ ತಗೊಂಡ್ರು. ಮನೆ ಅವನದು, ಡಾರ್ನಾಲ್ಡ್ ಕಾವಲಿಗೆ. ಆಗಸ್ಟ್‌ನಲ್ಲಿ ಮೊದಲ ಅಭ್ಯಾಸ ಪಂದ್ಯದಲ್ಲೇ ಮೆಕಾರ್ಥಿ ಮಂಡಿ ಪೆಟ್ಟಾಯ್ತು, ಇಡೀ ಸೀಸನ್ ಹೋಯ್ತು. ಹಾಗೆ ಡಾರ್ನಾಲ್ಡ್‌ಗೆ ಜಾಗ ಸಿಕ್ತು.

ಎಂಥಾ ಸೀಸನ್ ಅಂತೀಯ! ಪಾಸ್ ಎಸೆದು ಚೆಂಡನ್ನ 4,319 ಗಜ ಮುಂದೆ ಸಾಗಿಸಿದ, 35 ಟಚ್‌ಡೌನ್ ಪಾಸ್. ಕೋಚ್ ಕೆವಿನ್ ಒಕಾನೆಲ್ ಹಿಂದೆ ತಾನೇ ಕ್ವಾರ್ಟರ್‌ಬ್ಯಾಕ್ ಆಗಿದ್ದೋರು. ಎಳೆಯ ಕ್ವಾರ್ಟರ್‌ಬ್ಯಾಕ್‌ಗಳು ಟೀಮನ್ನ ಸೋಲಿಸೋಕೆ ಮುಂಚೆ ಟೀಮುಗಳೇ ಅವರನ್ನ ಸೋಲಿಸಿರ್ತವೆ ಅನ್ನೋ ಅರ್ಥದಲ್ಲಿ ಆ ವರ್ಷ ಅವರು ಹೇಳಿದ್ರು. ಡಿಸೆಂಬರ್ 29ಕ್ಕೆ ಗ್ರೀನ್ ಬೇ ಎದುರು ಇಲ್ಲೇ ಮಿನಿಯಾಪೊಲಿಸ್‌ನಲ್ಲಿ ಆಟ, 27-25ಕ್ಕೆ ಗೆಲುವು, ಡಾರ್ನಾಲ್ಡ್ 377 ಗಜ. ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿನ ವಿಡಿಯೋ ಬಂತು. ಅವನು ಒಳಗೆ ಕಾಲಿಟ್ಟಿದ್ದೇ ತಡ, ಇಡೀ ಟೀಮು ಸುತ್ತ ಮುತ್ಕೊಂಡು ಬಾಟಲಿ ಬಾಟಲಿ ನೀರು ಸುರಿದ್ರು. ಅವನು ನೀರು ಸುರಿಸ್ಕೊಂಡು ನಗ್ತಾ ನಿಂತಿದ್ದ. ಅಷ್ಟು ದಪ್ಪ ದಪ್ಪ ಗಂಡಸರು ಮಕ್ಕಳ ಥರ ಕುಣಿದ್ರು ಕಣೋ. ಅವನು ಏನೆಲ್ಲ ದಾಟಿ ಬಂದಿದ್ದಾನೆ ಅಂತ ಅವರಿಗೆ ಗೊತ್ತಿತ್ತು.

ಆಮೇಲೆ ಎರಡು ಆಟ. ಎರಡೇ. ಜನವರಿ 5ಕ್ಕೆ ಡೆಟ್ರಾಯಿಟ್‌ನಲ್ಲಿ 31-9 ಸೋಲು, 41 ಪಾಸ್ ಎಸೆದು 18 ಮಾತ್ರ ಸರಿಹೋಯ್ತು. ಜನವರಿ 13ಕ್ಕೆ ಪ್ಲೇಆಫ್, ಲಾಸ್ ಏಂಜಲಿಸ್ ರ್‍ಯಾಮ್ಸ್ ಎದುರು. ಅಲ್ಲಿ ಕಾಡ್ಗಿಚ್ಚು ಎದ್ದಿದ್ದರಿಂದ ಆಟವನ್ನ ಅರಿಜೋನಾಗೆ ಹಾಕಿದ್ರು. ಅವತ್ತು ಒಂಬತ್ತು ಸಲ ಅವನನ್ನ ಚೆಂಡು ಎಸೆಯೋಕೆ ಮುಂಚೆಯೇ ಕೆಡವಿದ್ರು. ನಾವು ಮನೆಯವರೆಲ್ಲ ಟಿವಿ ಮುಂದೆ ಕೂತಿದ್ವಿ, ನಾಲ್ಕೈದು ಸಲ ಬಿದ್ದ ಮೇಲೆ ನಿಮ್ಮ ಮಾವ ಎದ್ದು ಒಳಗೆ ಹೋದ್ರು. 27-9. ಮಾರನೇ ದಿನ ಇಲ್ಲಿ ಆಫೀಸಲ್ಲಿ ಕಾಫಿ ಮೆಷೀನ್ ಹತ್ತಿರ ಒಂದೇ ಮಾತು, "ಹಳೇ ಡಾರ್ನಾಲ್ಡ್ ವಾಪಸ್ ಬಂದ." 14 ಗೆಲುವು ಮರೆತೇ ಹೋಗಿತ್ತು.

ಈಗ ನಿನ್ನ ಪ್ರಶ್ನೆಗೆ ಉತ್ತರ: ದುಡ್ಡಿನ ಲೆಕ್ಕ. ಲೀಗ್‌ನಲ್ಲಿ ಪ್ರತಿ ಟೀಮಿಗೂ ಸಂಬಳಕ್ಕೆ ಒಂದು ಮಿತಿ ಇರುತ್ತೆ, 2025ಕ್ಕೆ ಅದು 27.92 ಕೋಟಿ ಡಾಲರ್. ಡಾರ್ನಾಲ್ಡ್‌ನ ಫ್ರಾಂಚೈಸ್ ಟ್ಯಾಗ್ ಹಾಕಿ ಇನ್ನೊಂದು ವರ್ಷ ಕಟ್ಟಿಹಾಕಬಹುದಿತ್ತು, ಅದಕ್ಕೆ ಸುಮಾರು 4 ಕೋಟಿ ಡಾಲರ್ ಬೇಕು. ಮೆಕಾರ್ಥಿದು ಹೊಸಬರ ಕಾಂಟ್ರಾಕ್ಟ್, ನಾಲ್ಕು ವರ್ಷಕ್ಕೆಲ್ಲ ಸೇರಿ ಸುಮಾರು 2.2 ಕೋಟಿ. ಕ್ವಾರ್ಟರ್‌ಬ್ಯಾಕ್ ಅಗ್ಗಕ್ಕೆ ಸಿಕ್ಕ ವರ್ಷಗಳಲ್ಲಿ ಉಳಿದ ದುಡ್ಡು ಹಾಕಿ ಸುತ್ತಲ ಟೀಮು ಗಟ್ಟಿ ಮಾಡ್ಕೋಬೇಕು ಅನ್ನೋದು ಇಲ್ಲಿ ಎಲ್ಲರೂ ನಂಬಿರೋ ಲೆಕ್ಕ. ವೈಕಿಂಗ್ಸ್ ಅದನ್ನೇ ಮಾಡಿದ್ರು, ಎದುರಾಳಿನ ತಡೆಯೋಕೆ ದೊಡ್ಡ ದೊಡ್ಡ ಆಟಗಾರರನ್ನ ತಂದ್ರು. ಡಾರ್ನಾಲ್ಡ್ ಸಿಯಾಟಲ್ ಜೊತೆ ಮೂರು ವರ್ಷಕ್ಕೆ 10.05 ಕೋಟಿ ಡಾಲರ್‌ಗೆ ಸಹಿ ಹಾಕಿದ. ಸಿಯಾಟಲ್‌ನವರು ತಮ್ಮ ಹಳೇ ಕ್ವಾರ್ಟರ್‌ಬ್ಯಾಕ್ ಜೀನೋ ಸ್ಮಿತ್‌ನ ಲಾಸ್ ವೇಗಸ್‌ಗೆ ಕಳಿಸಿದ್ರು. ಒಬ್ಬ ಕೂರಬೇಕು ಅಂದ್ರೆ ಇನ್ನೊಬ್ಬ ಏಳಲೇಬೇಕು, ಅಷ್ಟೇ ಈ ವ್ಯವಹಾರ.

ಲೆಕ್ಕ ತಪ್ಪು ಅಂತ ನಾನು ಹೇಳಲ್ಲ. ಆದರೆ ಒಂದೂ ಆಟ ಆಡದ 22ರ ಹುಡುಗನ ಪಕ್ಕಕ್ಕೆ, ಅವನು ಬಿದ್ದರೆ ಹಿಡ್ಕೊಳ್ಳೋಕೆ ಗಟ್ಟಿ ಆಳನ್ನ ಇಟ್ಟುಕೊಳ್ಳದೇ ಹೋದದ್ದು ತಪ್ಪು. ಮೆಕಾರ್ಥಿ ಮೊದಲ ಆಟದಲ್ಲಿ ಶಿಕಾಗೋದಲ್ಲಿ ಕೊನೇ ಕ್ವಾರ್ಟರ್‌ನಲ್ಲಿ ಮೂರು ಟಚ್‌ಡೌನ್ ಮಾಡಿ 27-24ಕ್ಕೆ ಗೆಲ್ಲಿಸಿದ. ಮುಂದಿನ ವಾರವೇ ಪಾದದ ಕೀಲು ಪೆಟ್ಟು. ಅವನ ಜಾಗಕ್ಕೆ ಕಾರ್ಸನ್ ವೆಂಟ್ಜ್ ಬಂದ, ಅವನ ಭುಜ ಹೋಯ್ತು. ಕಾರ್ಸನ್ ವೆಂಟ್ಜ್ ಬಂದ, ಅವನ ಭುಜ ಹೋಯ್ತು. ನವೆಂಬರ್ 30ಕ್ಕೆ ಸಿಯಾಟಲ್‌ನಲ್ಲಿ, ಅದೇ ಡಾರ್ನಾಲ್ಡ್ ಎದುರು, ಡ್ರಾಫ್ಟ್‌ನಲ್ಲಿ ಯಾರೂ ತಗೊಳ್ಳದ ಹೊಸ ಹುಡುಗ ಮ್ಯಾಕ್ಸ್ ಬ್ರಾಸ್ಮರ್‌ನ ಇಳಿಸಬೇಕಾಯ್ತು. ಪಾಪ, ನಾಲ್ಕು ಸಲ ಎದುರಾಳಿ ಕೈಗೆ ಎಸೆದ. 26-0. ಸೀಸನ್ 9-8ಕ್ಕೆ ಮುಗೀತು, ಪ್ಲೇಆಫ್ ಇಲ್ಲ. ಜನವರಿ ಕೊನೆಯಲ್ಲಿ, ಆಟಗಾರರನ್ನ ಆರಿಸೋ ಜನರಲ್ ಮ್ಯಾನೇಜರ್ ಕೆಲಸವೂ ಹೋಯ್ತು.

ಸಿಯಾಟಲ್‌ನಲ್ಲಿ ಏನಾಯ್ತು ನೋಡು. ನವೆಂಬರ್ 16ಕ್ಕೆ ಅದೇ ರ್‍ಯಾಮ್ಸ್ ಎದುರು ಡಾರ್ನಾಲ್ಡ್ ನಾಲ್ಕು ಸಲ ಎದುರಾಳಿ ಕೈಗೆ ಎಸೆದು, ಅದಕ್ಕೆ ಇಂಟರ್ಸೆಪ್ಷನ್ ಅಂತಾರೆ, 21-19ಕ್ಕೆ ಸೋತ. ಟಿವಿಯಲ್ಲಿ ಮತ್ತೆ ದೆವ್ವದ ಮಾತು. ಆದರೆ ಟೀಮಿನವರು ಮೈಕ್ ಮುಂದೆ ನಿಂತು, ನಾವು ಇವತ್ತು ಇಲ್ಲಿರೋದೇ ಅವನಿಂದ ಅಂತ ಗಟ್ಟಿಯಾಗಿ ಹೇಳಿದ್ರು. ಮುಂದಿನ ವಾರ ಅವನೇ ಆಡಿದ. ಜನವರಿಯಲ್ಲಿ ಸೂಪರ್ ಬೌಲ್‌ಗೆ ಮುಂಚಿನ ಎನ್‌ಎಫ್‌ಸಿ ಫೈನಲ್‌ನಲ್ಲಿ ಅದೇ ರ್‍ಯಾಮ್ಸ್‌ನ 31-27ಕ್ಕೆ ಸೋಲಿಸಿದ, ಮೂರು ಟಚ್‌ಡೌನ್ ಪಾಸ್, ಎದುರಾಳಿ ಕೈಗೆ ಒಂದೂ ಇಲ್ಲ. ಸೂಪರ್ ಬೌಲ್‌ನಲ್ಲಿ ಎದುರಿಗೆ ಯಾರು? ಪೇಟ್ರಿಯಟ್ಸ್. 29-13. ಪುಟ್ಟಾ, ಆ ರಾತ್ರಿ ಮೈಕ್ ಹಾಕಿ ಅವನ ಮಾತು ಬಯಲಿಗೆಳೆದಾಗ ಎದುರಿಗೆ ಇದ್ದ ಟೀಮು ಅದು. ನಾನು ವೈಕಿಂಗ್ಸ್‌ನವಳು, ಆದ್ರೂ ನನ್ನ ಕಣ್ಣಲ್ಲಿ ನೀರು ಬಂತು.

ಭಾವ, ಈಗ ನಿಮ್ಮ ಮಾತಿಗೆ. ದುಡ್ಡಿನ ವಿಷಯಕ್ಕೆ ನಾನು ಮರುಗ್ತಿಲ್ಲ, ಅವರಿಗೆ ಊಟಕ್ಕೇನೂ ಕೊರತೆ ಇಲ್ಲ. ಆದರೆ ಒಬ್ಬ ಮನುಷ್ಯ ಕೆಲಸಕ್ಕೆ ಬರ್ತಾನೋ ಇಲ್ವೋ ಅಂತ ತೀರ್ಮಾನ ಮಾಡೋ ರೀತಿ ನೋಡಿ. 2018ರಲ್ಲಿ ಡಾರ್ನಾಲ್ಡ್ ಜೊತೆಗೇ ಮೊದಲನೆಯವನಾಗಿ ಆಯ್ಕೆಯಾದ ಬೇಕರ್ ಮೇಫೀಲ್ಡ್‌ನ 2022ರಲ್ಲಿ ಕೆರೊಲೈನಾ ಸೀಸನ್ ಮಧ್ಯದಲ್ಲೇ ಕಳಿಸಿಬಿಟ್ಟಿತು. ರ್‍ಯಾಮ್ಸ್‌ಗೆ ಬಂದು ಎರಡೇ ದಿನಕ್ಕೆ ಆಡಿ, ಕೊನೇ ಗಳಿಗೆಯಲ್ಲಿ 98 ಗಜ ಚೆಂಡು ಸಾಗಿಸಿ ಗೆದ್ದ. ಮರುವರ್ಷ ಟ್ಯಾಂಪಾದಲ್ಲಿ 40 ಲಕ್ಷ ಡಾಲರ್‌ಗೆ ಒಂದು ವರ್ಷ ಆಡಿದ, ಅದರ ಮುಂದಿನ ವರ್ಷ ಅವರೇ ಮೂರು ವರ್ಷಕ್ಕೆ 10 ಕೋಟಿಯ ಕಾಂಟ್ರಾಕ್ಟ್ ಕೊಟ್ರು. ಕೈ ಅದೇ, ತಲೆ ಅದೇ. ಕೋಚ್ ಬದಲಾದ್ರು, ಮುಂದೆ ಅಡ್ಡ ನಿಂತು ಕಾಯೋರು ಬದಲಾದ್ರು.

ಎಲ್ಲರಿಗೂ ಹಾಗೇ ಆಗಲ್ಲ ಅನ್ನೋದೂ ನಿಜ. ನಮ್ಮ ಕರ್ಕ್ ಕಸಿನ್ಸ್‌ನೇ ತಗೊಳ್ಳಿ, ಆರು ಸೀಸನ್ ಇಲ್ಲಿ ಆಡಿದವನು. 2023ರ ಅಕ್ಟೋಬರ್‌ನಲ್ಲಿ ಹಿಮ್ಮಡಿ ಮೇಲಿನ ನರ ಹರೀತು. ಅದರ ಮುಂದಿನ ಮಾರ್ಚ್‌ನಲ್ಲಿ ಅಟ್ಲಾಂಟಾ ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್ ಅಂತ ಕರ್ಕೊಂಡ್ರು. ಸುಮಾರು ಆರು ವಾರಕ್ಕೇ ಡ್ರಾಫ್ಟ್‌ನಲ್ಲಿ ಎಂಟನೆಯವನಾಗಿ ಮೈಕೆಲ್ ಪೆನಿಕ್ಸ್ ಅನ್ನೋ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನೇ ತಂದ್ರು. ಡಿಸೆಂಬರ್‌ಗೆ ಕಸಿನ್ಸ್ ಬೆಂಚ್ ಮೇಲೆ. ಹೊಸ ಮನೆಗೆ ಸಂಸಾರ ಸಾಗಿಸ್ಕೊಂಡು ಬಂದೋನು. ಈಗ 37 ವರ್ಷ. ಡೇನಿಯಲ್ ಜೋನ್ಸ್ ಇನ್ನೊಬ್ಬ. ನ್ಯೂಯಾರ್ಕ್ ಜೈಂಟ್ಸ್ ಬಿಟ್ಟ ಮೇಲೆ ಇಲ್ಲಿ ವೈಕಿಂಗ್ಸ್ ಪ್ರಾಕ್ಟೀಸ್ ಟೀಮಲ್ಲಿ ಬಂದು ಕೂತಿದ್ದ. ಇಂಡಿಯಾನಾಪೊಲಿಸ್‌ಗೆ ಒಂದು ವರ್ಷದ ಕಾಂಟ್ರಾಕ್ಟ್ ಮೇಲೆ ಹೋಗಿ ಮೊದಲ ಹತ್ತರಲ್ಲಿ ಎಂಟು ಗೆದ್ದ. ಡಿಸೆಂಬರ್‌ನಲ್ಲಿ ಜಾಕ್ಸನ್‌ವಿಲ್‌ನಲ್ಲಿ ಅವನಿಗೂ ಅದೇ ಹಿಮ್ಮಡಿ ನರ ಹರೀತು. ಕಾಂಟ್ರಾಕ್ಟ್ ಮುಗೀತಾ ಬಂದಿರೋವಾಗ, ಕಾಲು ಕಟ್ಟಿಸ್ಕೊಂಡು, ಫೋನ್ ಯಾವಾಗ ಬರುತ್ತೆ ಅಂತ ಕಾಯೋದು ಯಾರಿಗೆ ಬೇಕು ಹೇಳಿ. ಏರನ್ ರಾಜರ್ಸ್‌ನಂಥ ದೊಡ್ಡ ಹೆಸರೂ ಹೋದ ವರ್ಷ ಜೂನ್ ತನಕ ಟೀಮಿಲ್ಲದೆ ಇತ್ತು. ಅವನದು ಬೇರೆ, ಅವನಾಗೇ ನಿಧಾನ ಮಾಡಿದ್ದು.

ನನಗೆ ಈಗ ಇರೋ ಚಿಂತೆ ಮೆಕಾರ್ಥಿದು ಕಣೋ. ಹತ್ತು ಆಟ ಆಡಿದ್ದಾನೆ, ಆರು ಗೆದ್ದಿದ್ದಾನೆ. 11 ಟಚ್‌ಡೌನ್ ಪಾಸ್, 12 ಇಂಟರ್ಸೆಪ್ಷನ್, ಚೆನ್ನಾಗಿಲ್ಲ ಅನ್ನೋದು ನಿಜ, ಎಸೆದ ಚೆಂಡು ಹಿಡಿಯೋರ ತಲೆ ಮೇಲಿಂದ ಹೋಗ್ತಿತ್ತು. 23 ವರ್ಷ. ಇಲ್ಲಿ ರೇಡಿಯೋ ಹಾಕಿದ್ರೆ ಸಾಕು, ಇವನು ಆಗಲ್ಲ ಅಂತ ಬರೆದಿಟ್ಟುಬಿಟ್ಟಿದ್ದಾರೆ. ಡಾರ್ನಾಲ್ಡ್‌ಗೆ ಜೆಟ್ಸ್‌ನಲ್ಲಿ ಅಂದಿದ್ದೂ ಇದೇ ಮಾತು, ಇದೇ ವಯಸ್ಸಿನಲ್ಲಿ. ಡಾರ್ನಾಲ್ಡ್ ಕಪ್ ಎತ್ತಿದ್ದನ್ನ ನೋಡಿ ಕೈ ಕೈ ಹಿಸುಕ್ಕೊಂಡವರೇ ಮಾರನೇ ದಿನ ಈ ಹುಡುಗನ್ನ ಯಾವಾಗ ಕಳಿಸ್ತೀರ ಅಂತ ಕೇಳ್ತಿದ್ದಾರೆ.

ನನ್ನನ್ನ ಕೇಳಿದ್ರೆ, ಅವನ ಜೊತೆಗೆ ಹತ್ತಾರು ವರ್ಷ ಆಡಿ ಅನುಭವ ಇರೋ ಒಬ್ಬನನ್ನ ತರಬೇಕು, ಇಬ್ಬರೂ ಬೇಸಿಗೆ ಕ್ಯಾಂಪ್‌ನಲ್ಲಿ ಪೈಪೋಟಿ ಮಾಡಲಿ, ಮೆಕಾರ್ಥಿ ಗೆದ್ದರೆ ಅವನೇ ಆಡಲಿ, ಸೋತರೆ ಒಂದು ವರ್ಷ ಕೂತು ಕಲೀಲಿ. ಆದರೆ ಬಿಟ್ಟುಕೊಡಬಾರದು. ಒಕಾನೆಲ್ ಆವತ್ತು ಹೇಳಿದ ಮಾತನ್ನ ತಮ್ಮ ಸ್ವಂತ ಹುಡುಗನ ವಿಷಯದಲ್ಲಿ ಉಳಿಸ್ಕೋತಾರಾ ಅಂತ ನೋಡಬೇಕು.

ಹೊಸ ಲೀಗ್ ವರ್ಷ ಶುರುವಾಗೋದು ಮಾರ್ಚ್ ಎರಡನೇ ವಾರ. ಅದಕ್ಕೆ ಎರಡು ದಿನ ಮುಂಚೆಯೇ ಏಜೆಂಟರ ಜೊತೆ ಮಾತುಕತೆಗೆ ಅವಕಾಶ ಇರುತ್ತೆ, ಅರ್ಧ ಸುದ್ದಿ ಆಗಲೇ ಹೊರಗೆ ಬಂದಿರುತ್ತೆ. ಇಲ್ಲಿ ಮಧ್ಯಾಹ್ನ ಅಂದ್ರೆ ನಿಮಗೆ ರಾತ್ರಿ, ನಿದ್ದೆಗೆಟ್ಟು ಕಾಯಬೇಡ ಪುಟ್ಟಾ, ನಿನಗೆ ಪರೀಕ್ಷೆ ಇದೆ. ಕಸಿನ್ಸ್ ಎಲ್ಲಿಗೆ, ಜೋನ್ಸ್ ಎಲ್ಲಿಗೆ, ಮೆಕಾರ್ಥಿ ಪಕ್ಕಕ್ಕೆ ಯಾರು ಅಂತ ಗೊತ್ತಾದ ಹಾಗೆಲ್ಲ ನಾನೇ ಇಲ್ಲಿ ಹಾಕ್ತೀನಿ. ಅಜ್ಜಿಗೆ ಈ ಮೆಸೇಜ್ ಪ್ಲೇ ಮಾಡಿ ಕೇಳಿಸು, ಅವರೂ ಆವತ್ತು ವಿಡಿಯೋ ಕಾಲ್‌ನಲ್ಲಿ ಆ ಒಂಬತ್ತು ಸಲ ಬಿದ್ದ ಹುಡುಗ ಹೇಗಿದ್ದಾನೆ ಅಂತ ಕೇಳಿದ್ರು.